ಕಲಶ ಮುಂದಕ್ಕೆ ಹೋದ ವರ್ಷ: ಉಡುಪಿಯ ಲೇಖಕಿಯೊಬ್ಬರ ಪ್ರಕರಣ

ನಮ್ಮ ಕರಾವಳಿಯಲ್ಲಿ ದೇವಸ್ಥಾನಕ್ಕೆ ಬ್ರಹ್ಮಕಲಶ (ಜೀರ್ಣೋದ್ಧಾರದ ಬಳಿಕ ನಡೆಯುವ ಕಲಶಾಭಿಷೇಕದ ಉತ್ಸವ) ಎಂದರೆ ಜೊತೆಗೊಂದು ಸ್ಮರಣ ಸಂಚಿಕೆಯೂ ಬರಬೇಕು. ಸಂಚಿಕೆ ನಡೆಯುವುದು ಜಾಹೀರಾತಿನ ಹಣದಿಂದ. ಹಿಂಬದಿಯ ರಕ್ಷಾಪುಟ ಮುಂಬೈ ಹೋಟೆಲಿನವರಿಗೆ, ಒಳರಕ್ಷಾಪುಟ ಬೆಂಗಳೂರಿನವರಿಗೆ, ಬಣ್ಣದ ಪುಟಗಳು ದುಬೈ, ಮಸ್ಕತ್ತಿನಲ್ಲಿರುವವರಿಗೆ. ಅರ್ಧ ಪುಟ, ಕಾಲು ಪುಟಗಳನ್ನು ಊರಿನ ಜವಳಿಯವರು, ಶಾಮಿಯಾನದವರು, ಅಡುಗೆ ಕಂಟ್ರಾಕ್ಟಿನವರು ಹಂಚಿಕೊಳ್ಳುತ್ತಾರೆ. ಬಂದ ಹಣದಲ್ಲಿ ಮೊದಲು ಕಾಗದ, ಆಮೇಲೆ ಅಚ್ಚು, ಬೈಂಡಿಂಗ್. ಸಂಪಾದಕರ ಗೌರವಧನ ಲೆಕ್ಕದ ಕೊನೆಯ ಸಾಲು. ಅದು ಕೈಗೆ ಬರುವುದು ಬಿಡುಗಡೆಯ ದಿನ, ಶಾಲು ಹೊದೆಸಿ ಫಲತಾಂಬೂಲದ ಜೊತೆ ಕೊಡುವ ಲಕೋಟೆಯಲ್ಲಿ.

ಆ ಕೊನೆಯ ಸಾಲಿನಲ್ಲಿರುವ ಒಬ್ಬರ 2020ನೇ ಇಸವಿ ಹೇಗೆ ಕಳೆಯಿತು ಎಂಬುದು ಈ ಪ್ರಕರಣ. ಹೆಸರು ಹಾಕಬೇಡ ಎಂದಿದ್ದಾರೆ. ಪ್ರೆಸ್ಸಿನಲ್ಲಿ, ಬೈಂಡರ್ ಮನೆಯಲ್ಲಿ, ದೇವಸ್ಥಾನದ ಸಮಿತಿಗಳಲ್ಲಿ ಎಲ್ಲರೂ ಅವರನ್ನು ಕರೆಯುವುದು ಅಕ್ಕ ಎಂದು, ಇಲ್ಲೂ ಹಾಗೇ ಇರಲಿ. ವಯಸ್ಸು ಐವತ್ತು ದಾಟಿದೆ, ಮನೆಯಲ್ಲಿ ಅವರು ಮತ್ತು ತಾಯಿ ಇಬ್ಬರೇ. ಎರಡು ಕಥಾಸಂಕಲನ ಬಂದಿವೆ. ನಾನು ಉಡುಪಿಯಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ, ಮಾಡುವವ. ಅವರ ಕೈಬರಹ ಓದಿ ಟೈಪ್ ಮಾಡಬಲ್ಲ ಕೆಲವೇ ಮಂದಿಯಲ್ಲಿ ಒಬ್ಬ. ಹಾಗಾಗಿ ಅವರ ಕತೆಗಳಿಗಿಂತ ಅವರ ಲೆಕ್ಕ ನನಗೆ ಹೆಚ್ಚು ಗೊತ್ತು.

ಸಾಹಿತಿಗಳ ಲಾಕ್‌ಡೌನ್ ಬಗ್ಗೆ ಆಗ ಬಂದ ಬರಹಗಳನ್ನು ಓದಿದರೆ, ಎಲ್ಲರಿಗೂ ಕೊನೆಗೂ ಪುರುಸೊತ್ತು ಸಿಕ್ಕಿತು, ಓದಿದರು, ಬರೆದರು ಎಂಬ ಚಿತ್ರ ಬರುತ್ತದೆ. ಸಂಬಳ, ಪಿಂಚಣಿ ಇದ್ದವರಿಗೆ ಅದು ನಿಜವೇ ಇರಬಹುದು. ಬರೆದೇ ಬದುಕುವವರ ವಿಷಯ ಬೇರೆ.

ವರ್ಷದ ಲೆಕ್ಕ

ಅಕ್ಕನ ದುಡಿಮೆ ಪಂಚಾಂಗ ನೋಡಿಕೊಂಡೇ ನಡೆಯುವಂಥದ್ದು. ಮಕರ ಸಂಕ್ರಾಂತಿಯಿಂದ ಪತ್ತನಾಜೆಯವರೆಗೆ, ಅಂದರೆ ಜನವರಿ ನಡುವಿನಿಂದ ಮೇ ಕೊನೆಯವರೆಗೆ, ಬ್ರಹ್ಮಕಲಶ, ಜಾತ್ರೆ, ನೇಮ (ದೈವದ ಕೋಲ), ಶಾಲೆಗಳ ಶತಮಾನೋತ್ಸವ. ಯಕ್ಷಗಾನ ಮೇಳಗಳ ತಿರುಗಾಟವೂ ಪತ್ತನಾಜೆಗೇ ಮುಗಿಯುತ್ತದೆ, ಅಕ್ಕನ ಸ್ಮರಣ ಸಂಚಿಕೆಗಳೂ. ಒಂದು ಸಂಚಿಕೆಗೆ ಹದಿನೈದು, ಇಪ್ಪತ್ತು ಸಾವಿರ ಸಿಕ್ಕಿದರೆ ಒಳ್ಳೆಯ ಸಮಿತಿ ಎಂದು ಲೆಕ್ಕ. ಮಳೆಗಾಲದಲ್ಲಿ ಪ್ರಕಾಶಕರ ಪ್ರೂಫ್. ಆಟಿ ತಿಂಗಳು ಕಳೆದು ಆಗಸ್ಟ್ ನಡುವಾಗುವ ಹೊತ್ತಿಗೆ ದೀಪಾವಳಿ ವಿಶೇಷಾಂಕಗಳಿಗೆ ಕತೆ ಕೇಳಿ ಫೋನು ಬರುತ್ತದೆ. ಅಷ್ಟಮಿ, ಚೌತಿ, ನವರಾತ್ರಿಗೆ ಪುರವಣಿ ಲೇಖನ. ನವೆಂಬರಿನಲ್ಲಿ ರಾಜ್ಯೋತ್ಸವದ ಭಾಷಣ.

ಓದುಗರಿಗೆ ಗೊತ್ತಿಲ್ಲದ ಒಂದು ಸಂಗತಿ: ದೀಪಾವಳಿ ಕತೆ ಬರೆಯುವುದು ಜಡಿಮಳೆಯಲ್ಲಿ. ಹೊರಗೆ ಕೊಡೆ ಒಣಗದ ದಿನಗಳಲ್ಲಿ ಹಣತೆಯ ಸಾಲು ಬರೆಯಬೇಕು. ಹಬ್ಬ ಬಂದೇ ಬರುತ್ತದೆ ಎಂಬ ಧೈರ್ಯದ ಮೇಲೆ ಎರಡು ಮೂರು ತಿಂಗಳು ಮೊದಲೇ ನಡೆಯುವ ದಂಧೆ ಇದು. ಆ ವರ್ಷ ಕೈಕೊಟ್ಟದ್ದು ಆ ಧೈರ್ಯ.

ಮಾರ್ಚ್

2020ರ ಮಾರ್ಚ್ ಮೊದಲ ವಾರ ಅಕ್ಕನ ಮೇಜಿನಲ್ಲಿ ಎರಡು ದೊಡ್ಡ ಕೆಲಸಗಳಿದ್ದವು. ಏಪ್ರಿಲ್ ಕೊನೆಗೆ ಬ್ರಹ್ಮಕಲಶ ನಿಗದಿಯಾಗಿದ್ದ ಒಂದು ದೇವಸ್ಥಾನದ ಸಂಚಿಕೆ. ಮೇ ತಿಂಗಳಲ್ಲಿ ನೂರು ತುಂಬುವ ಒಂದು ಹಳ್ಳಿ ಶಾಲೆಯ ಸಂಚಿಕೆ. ದೇವಸ್ಥಾನದ್ದು ಹನ್ನೊಂದು ಫಾರಂ (ಒಂದು ಫಾರಂ ಎಂದರೆ ಹದಿನಾರು ಪುಟ), ಅಂದರೆ 176 ಪುಟ. ಅದರಲ್ಲಿ ಒಂಬತ್ತು ಫಾರಂ ನಾನು ಕಟ್ಟಿ ಮುಗಿಸಿದ್ದೆ.

ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ವೃದ್ಧರದ್ದು ದೇಶದ ಮೊದಲ ಕೊರೊನಾ ಸಾವು ಎಂದು ಖಚಿತವಾಯಿತು. 13ಕ್ಕೆ ರಾಜ್ಯ ಸರ್ಕಾರ ಜಾತ್ರೆ, ಸಮಾರಂಭಗಳನ್ನು ಒಂದು ವಾರ ನಿಲ್ಲಿಸಲು ಹೇಳಿತು. ಒಂದು ವಾರ ತಾನೇ ಎಂದು ನಾವು ಪುಟ ಕಟ್ಟುತ್ತಲೇ ಇದ್ದೆವು. ಮೇಳಗಳು ಮಾತ್ರ ಅಲ್ಲಿಗೇ ನಿಂತವು. ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು. 22ಕ್ಕೆ ಜನತಾ ಕರ್ಫ್ಯೂ, 25ಕ್ಕೆ ಲಾಕ್‌ಡೌನ್. ಆ 25 ಚಾಂದ್ರಮಾನ ಯುಗಾದಿಯ ದಿನ. ಅಕ್ಕನ ಕತೆಯಿದ್ದ ಯುಗಾದಿ ವಿಶೇಷಾಂಕವೊಂದು ಅಚ್ಚಾಗಿ ಬಂದಿತ್ತು. ಅದನ್ನು ಕೊಳ್ಳಲು ತೆರೆದ ಅಂಗಡಿ ಇರಲಿಲ್ಲ.

ನಮ್ಮಲ್ಲಿ ಬಹಳ ಮನೆಗಳಿಗೆ ಹೊಸ ವರ್ಷ ಸೌರಮಾನದ ಬಿಸುವಿಗೆ, ಏಪ್ರಿಲ್ 14ಕ್ಕೆ. ಇಪ್ಪತ್ತೊಂದು ದಿನದ ಲಾಕ್‌ಡೌನ್ ಮುಗಿಯಬೇಕಾಗಿದ್ದದ್ದೂ ಅದೇ ದಿನ. ಅಕ್ಕ ಮುಂಜಾನೆ ಎದ್ದ ಕೂಡಲೇ ನೋಡುವ ಕಣಿ ಇಟ್ಟರು: ಅಕ್ಕಿ, ತೆಂಗಿನಕಾಯಿ, ಹಿತ್ತಿಲ ಸೌತೆ, ಕನ್ನಡಿ, ಹೊಸ ಪಂಚಾಂಗ. ಹತ್ತು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು ಮೇ 3ರವರೆಗೆ ಮುಂದುವರಿಸಿದ್ದಾಗಿ ಹೇಳಿದರು. ಅರ್ಧ ಗಂಟೆಯೊಳಗೆ ದೇವಸ್ಥಾನ ಸಮಿತಿಯ ಕೋಶಾಧಿಕಾರಿ ಫೋನು ಮಾಡಿದರು. ಬ್ರಹ್ಮಕಲಶ ಮುಂದಕ್ಕೆ, ಯಾವಾಗ ಎಂದು ಗೊತ್ತಿಲ್ಲ.

ದಿನ ನಿಗದಿ ಇಲ್ಲ ಎಂದ ಕೂಡಲೇ ಸಂಚಿಕೆಯಲ್ಲಿ ಏನೇನು ಹಾಳಾಗುತ್ತದೆ ಎಂಬುದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಥಳಪುರಾಣ ಹಾಳಾಗುವುದಿಲ್ಲ, ಅದಕ್ಕೆ ತಾರೀಕಿನ ಹಂಗಿಲ್ಲ. ಆದರೆ ಸ್ವಾಮೀಜಿಯವರ, ಶಾಸಕರ, ಸಂಸದರ ಸಂದೇಶಗಳಲ್ಲಿ ‘ಇದೇ ಏಪ್ರಿಲ್ ತಿಂಗಳಲ್ಲಿ’ ಎಂದು ಇರುತ್ತದೆ. ಕಾರ್ಯಕ್ರಮಪಟ್ಟಿಯ ನಾಲ್ಕು ಪುಟ ಪೂರ್ತಿ ಹೋಗುತ್ತದೆ. ಜಾಹೀರಾತಿಗೆ ಮಾತು ಕೊಟ್ಟವರು ಮಾತು ಕೊಟ್ಟದ್ದು ಆ ದಿನಕ್ಕೆ. ಹಣ ಬರುವುದು ಆಮಂತ್ರಣ ಪತ್ರಿಕೆ ಕೈಗೆ ತಲುಪಿದ ಮೇಲೆ. ಅಕ್ಕನ ಲಕೋಟೆ ಇವೆಲ್ಲದರ ಆಚೆಗೆ.

ಅವರು ಅಂದು ಹೇಳಿದ್ದಿಷ್ಟು: “ಎಂತ ಮಾಡುವುದು ಮಾರಾಯ, ಕೆಲಸ ಮುಗಿದಿದೆ, ಸಂಬಳಕ್ಕೆ ಮುಹೂರ್ತ ಸಿಗ್ಲಿಲ್ಲ.”

ಶಾಲೆಗೆ ಮರಳಿದ ಹಳೆ ವಿದ್ಯಾರ್ಥಿ

ಏಪ್ರಿಲಿನಲ್ಲಿ ಉಡುಪಿ ಜಿಲ್ಲೆ ನಿರುಮ್ಮಳವಾಗಿತ್ತು. ಸೋಂಕಿತರು ಬೆರಳೆಣಿಕೆಯಷ್ಟಿದ್ದು ಗುಣವಾಗಿದ್ದರು. ಮೇ ತಿಂಗಳಲ್ಲಿ ಮುಂಬೈಯ ದಾರಿ ತೆರೆಯಿತು. ಹೋಟೆಲು ಮುಚ್ಚಿ, ಕೋಣೆಯ ಬಾಡಿಗೆ ಕೊಡಲಾಗದೆ, ನಮ್ಮವರೇ ಸಾವಿರಾರು ಮಂದಿ ಊರಿಗೆ ಬಂದರು. ಅವರನ್ನು ಶಾಲೆ, ಹಾಸ್ಟೆಲ್, ಲಾಡ್ಜುಗಳಲ್ಲಿ ಕ್ವಾರಂಟೈನ್ ಮಾಡಿದರು. ಜೂನ್ ಮೊದಲಿಗೆ ಉಡುಪಿ ಕೆಲಕಾಲ ರಾಜ್ಯದಲ್ಲೇ ಅತಿ ಹೆಚ್ಚು ಸೋಂಕಿತರ ಜಿಲ್ಲೆಯಾಯಿತು. ಪ್ರತಿ ಕೋಲಕ್ಕೆ, ಪ್ರತಿ ಜೀರ್ಣೋದ್ಧಾರಕ್ಕೆ ಯಾರ ಎದುರು ರಶೀದಿ ಪುಸ್ತಕ ಹಿಡಿದಿದ್ದೆವೋ ಅವರನ್ನು ಕಂಡು ಊರು ಬಾಗಿಲು ಹಾಕಿಕೊಂಡಿತು. ‘ಬೊಂಬಾಯಿಯವರು’ ಎಂಬುದನ್ನು ಆ ತಿಂಗಳು ಜನ ಹೇಳಿದ ಧಾಟಿ ನನಗೆ ಇನ್ನೂ ಕಿವಿಯಲ್ಲಿದೆ.

ಅಕ್ಕ ಸಂಪಾದಿಸುತ್ತಿದ್ದ ನೂರು ವರ್ಷದ ಶಾಲೆಯೂ ಕ್ವಾರಂಟೈನ್ ಕೇಂದ್ರವಾಯಿತು. ಅಲ್ಲಿಗೆ ಬಂದವರಲ್ಲಿ ಒಬ್ಬರು ಅದೇ ಶಾಲೆಯಲ್ಲಿ ಏಳನೆಯವರೆಗೆ ಓದಿ ಮುಂಬೈಗೆ ಹೋಗಿ, ಲೋಟ ತೊಳೆಯುವುದರಿಂದ ಶುರುಮಾಡಿ ಹೋಟೆಲಿನ ಯಜಮಾನರಾದವರು. ಸಂಚಿಕೆಯ ಹಿಂಬದಿ ರಕ್ಷಾಪುಟಕ್ಕೆ ಮಾತು ಕೊಟ್ಟವರೂ ಅವರೇ. ಒಂದು ಸಂಜೆ ಅವರೇ ಅಕ್ಕನಿಗೆ ಫೋನು ಮಾಡಿದರು.

“ಅಕ್ಕ, ಆ ಜಾಹೀರಾತು ಈ ಸಲ ಆಗ್ಲಿಕ್ಕಿಲ್ಲ.”

“ಅದು ಇರ್ಲಿ ಶೆಟ್ರೇ. ಊಟ ಸರಿ ಉಂಟಾ ಅಲ್ಲಿ?”

“ಉಂಟು. ನಾನು ನಾಲ್ಕನೇ ಕ್ಲಾಸಿನ ಕೋಣೆಯಲ್ಲಿದ್ದೇನೆ. ಮಾಡಿನ ಪಕ್ಕಾಸು ಹಳೆಯದ್ದೇ, ಬದಲಿಸ್ಲಿಲ್ಲ.”

ಆಮೇಲೆ ದಿನಾ ರಾತ್ರಿ ಮಾತಾಡಿದರು. ಹಗಲಿಗೆ ಅವರು ಕಿಟಕಿಯಲ್ಲಿ ಕಂಡದ್ದು, ಐವತ್ತು ವರ್ಷದ ಹಿಂದೆ ಅದೇ ಕಿಟಕಿಯಲ್ಲಿ ಕಂಡದ್ದು. ಮಧ್ಯಾಹ್ನದ ಉಪ್ಪಿಟ್ಟಿಗೆ ಸಾಲು ನಿಂತ ಜಗಲಿಯಲ್ಲೇ ಈಗ ಮೀಟರು ಅಂತರದಲ್ಲಿ ಊಟದ ಪೊಟ್ಟಣಕ್ಕೆ ನಿಲ್ಲುವುದು. ಗೇಟಿನ ಹೊರಗೆ ಬಂದು ನಿಂತ ತಮ್ಮ ಒಳಗೆ ಬರದೆ ಮಾತಾಡಿಸಿ ಹೋದದ್ದು. ಅಕ್ಕ ಬರೆದುಕೊಂಡರು, ಓದಿ ಹೇಳಿದರು, ಅವರು ತಿದ್ದಿದರು. ‘ನಾಲ್ಕನೇ ತರಗತಿಯ ಕೋಣೆ’ ಎಂಬ ಆ ಎಂಟು ಪುಟ ನಾನು ಇಷ್ಟು ವರ್ಷ ಕಟ್ಟಿದ ಸ್ಮರಣ ಸಂಚಿಕೆಗಳಲ್ಲೆಲ್ಲ ಓದಲು ಯೋಗ್ಯವಾದ ಎಂಟು ಪುಟ. ಉಳಿದ ಸಂಚಿಕೆ ಎಂದಿನ ಹಾಗೆ ಹೆಡ್‌ಮಾಸ್ಟ್ರ ಪಟ್ಟಿ, ದಾನಿಗಳ ಪಟ್ಟಿ, ‘ನಮ್ಮ ಹೆಮ್ಮೆಯ ಶಾಲೆ’.

ಸಮಿತಿಯ ಕೆಲವರಿಗೆ ಆ ಲೇಖನ ಬೇಡವಾಗಿತ್ತು. ಶತಮಾನದ ಸಂಭ್ರಮದ ಪುಸ್ತಕದಲ್ಲಿ ಕ್ವಾರಂಟೈನ್ ಯಾಕೆ ಎಂದರು. ಶಾಲೆಯ ನೂರು ವರ್ಷದಲ್ಲಿ ಅತಿ ಹೆಚ್ಚು ಜನ ರಾತ್ರಿ ಉಳಿದದ್ದು ಈ ವರ್ಷವೇ, ಅದನ್ನು ಬಿಟ್ಟು ಇತಿಹಾಸ ಹೇಗೆ ಬರೆಯುವುದು ಎಂದು ಅಕ್ಕ ಕೇಳಿದರು. ರಕ್ಷಾಪುಟದ ಹಣ ತಪ್ಪಿದ್ದರಿಂದ ಸಮಿತಿ ಅವರ ಗೌರವಧನವನ್ನು ಅರ್ಧಕ್ಕೆ ಇಳಿಸಿತು, ಲೇಖನವನ್ನು ಉಳಿಸಿತು. ಇದು ವಿನಿಮಯ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಳೆ, ಗಡಿ, ದೀಪಾವಳಿ ಕತೆ

ಶಾಲೆಯ ಪುಸ್ತಕ ಅಚ್ಚಾಗಬೇಕಿದ್ದದ್ದು ಮಂಗಳೂರಿನಲ್ಲಿ. ಜುಲೈ ನಡುವಿಗೆ ಉಡುಪಿ ಜಿಲ್ಲೆಯ ಗಡಿ ಮುಚ್ಚಿತು, ದಕ್ಷಿಣ ಕನ್ನಡದಲ್ಲಿ 16ರಿಂದ ಒಂದು ವಾರ ಲಾಕ್‌ಡೌನ್. ಸಾಮಾನ್ಯ ದಿನಗಳಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ ಕೈಗೆ ಪ್ರೂಫ್ ಕೊಟ್ಟರೆ ಒಂದೂವರೆ ಗಂಟೆಯಲ್ಲಿ ಪ್ರೆಸ್ಸಿಗೆ ತಲುಪುತ್ತಿತ್ತು. ಈಗ ಪಿಡಿಎಫ್, ವಾಟ್ಸ್ಆ್ಯಪ್. ಅಕ್ಕನ ಫೋನು ಸಣ್ಣದು. ಒತ್ತಕ್ಷರ ಕಾಣಲು ಪುಟವನ್ನು ಹಿಗ್ಗಿಸಿ, ಒಂದೊಂದು ಸಾಲನ್ನು ಬೆರಳಿನಲ್ಲಿ ಸರಿಸಿ ನೋಡಬೇಕು. ಕೊನೆಗೆ ನಾನು ಸಾಲಿಗೆ ಸಾಲು ಫೋನಿನಲ್ಲಿ ಓದುವುದು, ಅವರು ಕೈಪ್ರತಿ ಹಿಡಿದು ಕೇಳುವುದು ಎಂದು ಗೊತ್ತುಮಾಡಿಕೊಂಡೆವು. ತಪ್ಪುಗಳು ಕಡಿಮೆಯಾದವು, ಅದು ನಿಜಕ್ಕೂ ಒಳ್ಳೆಯ ಪದ್ಧತಿ.

ಅಚ್ಚಾದ ಫಾರಂಗಳು ಬೈಂಡಿಂಗಿಗೆಂದು ಉಡುಪಿಗೆ ಬಂದ ಮೇಲೆ ಸೆಪ್ಟೆಂಬರ್ 20ರ ನೆರೆ. ಕಲ್ಸಂಕ, ಬೈಲಕೆರೆ ಕಡೆಯೆಲ್ಲ ನೀರು, ದೋಣಿಯಲ್ಲಿ ಜನರನ್ನು ಹೊರತಂದರು. ಬೈಂಡರ್ ಮನೆಯ ಕೆಳಗಿಟ್ಟಿದ್ದ ಎರಡು ಫಾರಂ ಒದ್ದೆಯಾಗಿ ಮತ್ತೆ ಅಚ್ಚು ಹಾಕಿಸಬೇಕಾಯಿತು. ಶಾಲೆಯ ಸಮಾರಂಭ ನಡೆಯಲೇ ಇಲ್ಲ. ಪುಸ್ತಕವನ್ನು ಆಟೋದಲ್ಲಿ ಮನೆಮನೆಗೆ ಹಂಚಿದರು.

ಈ ನಡುವೆಯೇ ಹಬ್ಬಗಳು. ಚೌತಿ ಆಗಸ್ಟ್ 22ಕ್ಕೆ. ಸಾರ್ವಜನಿಕ ಗಣಪತಿ ನಾಲ್ಕಡಿ ಮೀರಬಾರದು, ಮನೆಯದು ಎರಡಡಿ, ಒಮ್ಮೆಗೆ ಇಪ್ಪತ್ತೇ ಮಂದಿ. ಉಡುಪಿಯಲ್ಲಿ ಸೌರಮಾನದ ಅಷ್ಟಮಿ ಸೆಪ್ಟೆಂಬರ್ 10ಕ್ಕೆ, ಮರುದಿನ ವಿಟ್ಲಪಿಂಡಿ, ಅಂದರೆ ಮೊಸರು ಕುಡಿಕೆಯ ಉತ್ಸವ. ಆಗ ಅದಮಾರು ಮಠದ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ. ಮೃಣ್ಮಯ ಮೂರ್ತಿಯ ರಥ ಎಳೆದರು, ಮಧ್ವಸರೋವರದಲ್ಲಿ ವಿಸರ್ಜನೆಯೂ ಆಯಿತು. ರಥಬೀದಿಯಲ್ಲಿ ಊರಿನ ಜನ ಇರಲಿಲ್ಲ, ಹುಲಿವೇಷವೂ ಇರಲಿಲ್ಲ.

ಪತ್ರಿಕೆಗಳು ಪುಟ ಇಳಿಸಿದ್ದವು. ಅಷ್ಟಮಿಗೆ ಅಕ್ಕನಿಂದ ಕೇಳಿದ್ದು ‘ಹಳೆಯ ಅಷ್ಟಮಿಯ ನೆನಪು, ಚಿಕ್ಕದಾಗಿ’. ಆ ವರ್ಷ ಯಾವ ಹಬ್ಬದ ಪುಟ ತೆರೆದರೂ ನೆನಪೇ ನೆನಪು, ಮುಂಡುಗದ ಎಲೆಯ ಮೂಡೆಯಿಂದ ಹಿಡಿದು ಅಜ್ಜಿಯ ಗುಂಡಿಟ್ಟಿನ ಉಂಡೆಯವರೆಗೆ. ಎದುರಿಗೇ ಇರುವ ಖಾಲಿ ರಥಬೀದಿಯನ್ನು ಬರೆಯಿರಿ ಎಂದು ಯಾರಿಗೂ ಹೊಳೆಯಲಿಲ್ಲ ಎಂಬುದು ನನ್ನ ತಕರಾರು. ಅಕ್ಕನಿಗೆ ಹೊಳೆದಿತ್ತು. ಪ್ರತಿ ವರ್ಷ ಅಷ್ಟಮಿಯ ಹುಲಿವೇಷಕ್ಕೆ ತಾಸೆ ಎಂಬ ಚರ್ಮವಾದ್ಯ ಬಡಿಯುವ ಒಬ್ಬರನ್ನು ಹುಡುಕಿ ಮಾತಾಡಿಸಿದರು. ಅವರು ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದರು. ವೇಷದ ಮೂರು ದಿನದ ದುಡಿಮೆಯಿಂದ ಮನೆಯ ಯಾವ ಯಾವ ಖರ್ಚು ಸರಿಹೋಗುತ್ತಿತ್ತು ಎಂದು ಬಿಡಿಬಿಡಿಯಾಗಿ ಹೇಳಿದ್ದರು. ಪತ್ರಿಕೆಯವರು ಜಾಗ ಇಲ್ಲವೆಂದರು, ನೆನಪಿನ ಲೇಖನವನ್ನೇ ಹಾಕಿದರು.

ದೀಪಾವಳಿ ವಿಶೇಷಾಂಕದಿಂದ ಫೋನು ಬಂದದ್ದು ಆಗಸ್ಟಿನಲ್ಲೇ. “ಮೇಡಂ, ಮಾಸ್ಕು, ಸ್ಯಾನಿಟೈಸರು ಇರೋ ಕತೆಗಳು ಆಗಲೇ ರಾಶಿ ಬಿದ್ದಿವೆ. ಹಬ್ಬದ ಸಂಚಿಕೆ, ಸ್ವಲ್ಪ ಬೆಳಕಿರಲಿ” ಎಂದರಂತೆ ಸಂಪಾದಕರು. ಅಕ್ಕ ತಾಸೆಯವರ ಕತೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅದರಲ್ಲಿ ಮಾಸ್ಕು ಬರದೆ ಇರುವ ಹಾಗಿಲ್ಲ. ಪಾತ್ರಗಳು ಮುಖ ತೆರೆದುಕೊಂಡು ಜಾತ್ರೆಯಲ್ಲಿ ಓಡಾಡಿದರೆ ಅದು ಹಿಂದಿನ ವರ್ಷದ ಕತೆ, ಮುಚ್ಚಿಕೊಂಡರೆ ಸಂಪಾದಕರಿಗೆ ಬೇಡ. ತೀರ್ಮಾನಕ್ಕೆ ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಬೆಳಕಿನ ಕತೆಯೊಂದನ್ನು ಬರೆದುಕೊಟ್ಟರು. ಹಂಡೆಗೆ ನೀರು ತುಂಬಿ, ಎಣ್ಣೆ ಸ್ನಾನ ಮಾಡಿ, ಗದ್ದೆಯ ಬದುವಿನಲ್ಲಿ ಬಲೀಂದ್ರನನ್ನು ಕೂಗಿ ಕರೆದು, ಮುನಿಸಿಕೊಂಡ ಅಣ್ಣತಮ್ಮಂದಿರು ಒಂದೇ ಬಾಳೆಲೆಯ ಸಾಲಿನಲ್ಲಿ ಕೂರುವ ಕತೆ. ಕಸುಬು ಗೊತ್ತಿರುವವರ ಕತೆ, ಅಷ್ಟೇ. ನನಗೆ ಹಿಡಿಸಲಿಲ್ಲ, ಹೇಳಿದೆ. “ನಿನಗೆ ಹಿಡಿಸ್ಬೇಕು ಅಂತ ಬರೆದದ್ದಲ್ಲ, ಅಮ್ಮನ ಮಾತ್ರೆಗೆ ಬರೆದದ್ದು” ಎಂದರು. ಸಾವಿರದೈನೂರು ರೂಪಾಯಿ ಬರಬೇಕಾಗಿತ್ತು, ಬಂದದ್ದು ಮುಂದಿನ ಮಳೆಗಾಲದಲ್ಲಿ.

ದೀಪಾವಳಿಗೆ ಪಟಾಕಿ ಬೇಡ ಎಂದು ಸರ್ಕಾರ ಮೊದಲು ಹೇಳಿತು, ಆಮೇಲೆ ಹಸಿರು ಪಟಾಕಿ ಆಗಬಹುದು ಎಂದಿತು. ಆ ಹೊತ್ತಿಗೆ ಸಾಹಿತ್ಯ ಕಾರ್ಯಕ್ರಮಗಳೆಲ್ಲ ಝೂಮ್, ಫೇಸ್‌ಬುಕ್ ಲೈವ್ ಆಗಿದ್ದವು. ಅಕ್ಕನಿಗೆ ಆಹ್ವಾನಗಳು ಹಿಂದೆಂದಿಗಿಂತ ಹೆಚ್ಚು ಬಂದವು. ಗೌರವಧನ ಎಲ್ಲಿಯೂ ಇಲ್ಲ, ಇ-ಪ್ರಮಾಣಪತ್ರ ಎಲ್ಲ ಕಡೆ. ಡಿಸೆಂಬರ್ 13ರಂದು ವಿದ್ವಾಂಸ ಬನ್ನಂಜೆ ಗೋವಿಂದಾಚಾರ್ಯರು ಅಂಬಲಪಾಡಿಯಲ್ಲಿ ತೀರಿಕೊಂಡಾಗ ಎರಡು ಕಡೆಯಿಂದ ರಾತ್ರಿಗೇ ನುಡಿನಮನ ಬೇಕೆಂದರು. ಬರೆದುಕೊಟ್ಟರು. ಅದಕ್ಕೆ ಹಣ ಕೇಳುವ ಸಂಪ್ರದಾಯ ನಮ್ಮಲ್ಲಿಲ್ಲ.

ದಾನಿಗಳ ಪಟ್ಟಿ

ದೇವಸ್ಥಾನದ ಬ್ರಹ್ಮಕಲಶ ಕೊನೆಗೂ 2021ರ ಮಾರ್ಚ್‌ಗೆ ನಿಗದಿಯಾಯಿತು. ನಾನು ಹಳೆಯ ಫೈಲು ತೆರೆದೆ. ಸಂದೇಶಗಳ ತಿಂಗಳು ಬದಲಿಸಿದ್ದು ಒಂದು ಮಧ್ಯಾಹ್ನದ ಕೆಲಸ. ದಾನಿಗಳ ಪಟ್ಟಿ ಹಾಗಲ್ಲ. ವರ್ಷದ ಹಿಂದೆ ಮಾತು ಕೊಟ್ಟವರಲ್ಲಿ ಕೆಲವರು ಇರಲಿಲ್ಲ. ‘ಶುಭ ಕೋರುವವರು’ ಎಂದಿದ್ದ ಪುಟಗಳನ್ನು ‘ಸ್ಮರಣಾರ್ಥ’ ಎಂದು ಮಾಡಬೇಕು, ಭಾವಚಿತ್ರಕ್ಕೆ ಹಾರದ ಚೌಕಟ್ಟು ಹಾಕಬೇಕು, ಹೆಸರಿನ ಹಿಂದೆ ದಿವಂಗತ ಸೇರಿಸಬೇಕು. ಒಬ್ಬೊಬ್ಬರ ಮನೆಗೂ ಅಕ್ಕನೇ ಫೋನು ಮಾಡಿದರು. ಸಂಪಾದಕರ ಕೆಲಸದಲ್ಲಿ ಇದು ಬರುತ್ತದೆ ಎಂದು ಯಾವ ಸಮಿತಿಯೂ ಬರೆದುಕೊಡುವುದಿಲ್ಲ.

ಒಂದು ಮನೆಯವರು ಬೇಡ ಎಂದರು. ಮಗ ಮುಂಬೈಯಲ್ಲಿ ಕೊರೊನಾದಿಂದ ಹೋಗಿದ್ದ, ಅಲ್ಲಿಯೇ ಸಂಸ್ಕಾರವಾಗಿತ್ತು. ಊರಲ್ಲಿದ್ದ ತೊಂಬತ್ತರ ತಾಯಿಗೆ ಹೇಳಿರಲಿಲ್ಲ. ಹೋಟೆಲು ಬಿಟ್ಟು ಬರಲು ಆಗುತ್ತಿಲ್ಲ ಎಂದೇ ನಂಬಿಸಿದ್ದರು. ಸಂಚಿಕೆ ಮನೆಗೆ ಬರುತ್ತದೆ, ಅಜ್ಜಿ ಕನ್ನಡಕ ಹಾಕಿ ಒಂದೊಂದೇ ಪುಟ ನೋಡುತ್ತಾರೆ. ಅದಕ್ಕೆ ಅವನು ಇದ್ದ ಹಾಗೆಯೇ ಇರಲಿ, ಶುಭ ಕೋರುವವರು ಎಂದೇ.

ನಾನು ಒಪ್ಪಲಿಲ್ಲ. ಸ್ಮರಣ ಸಂಚಿಕೆ ಎಂದರೆ ದಾಖಲೆ, ಇನ್ನು ಐವತ್ತು ವರ್ಷ ಕಳೆದು ಯಾರಾದರೂ ನೋಡಿದರೆ ಅದೇ ನಿಜವಾಗುತ್ತದೆ ಎಂದು ವಾದಿಸಿದೆ. ಈಗಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಅಕ್ಕ ಕೇಳಲಿಲ್ಲ. ಪುಟ ಹಾಗೆಯೇ ಅಚ್ಚಾಯಿತು. ಇದನ್ನಾದರೂ ಕತೆ ಮಾಡಿ ಎಂದು ಒಮ್ಮೆ ಹೇಳಿದ್ದಕ್ಕೆ, “ಆ ಅಜ್ಜಿ ವಾರಪತ್ರಿಕೆಯೂ ಓದ್ತಾರೆ” ಎಂದರು. ಅಜ್ಜಿ ಈಗಿಲ್ಲ, ಅದಕ್ಕೇ ನಾನಿದನ್ನು ಬರೆಯುತ್ತಿದ್ದೇನೆ. ಅಕ್ಕ ಮಾತ್ರ ಇವತ್ತಿಗೂ ಬರೆದಿಲ್ಲ.

ಬ್ರಹ್ಮಕಲಶ ಮುಗಿದು ಲಕೋಟೆ ಕೈಗೆ ಬಂತು. ಏಪ್ರಿಲ್ 27ಕ್ಕೆ ರಾಜ್ಯ ಮತ್ತೆ ಮುಚ್ಚಿತು. ಮೇ ತಿಂಗಳಲ್ಲಿ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿದಾಗ ಅಕ್ಕ ನೆರೆಯ ಯಕ್ಷಗಾನ ಕಲಾವಿದರ, ಆ ತಾಸೆಯವರ ಅರ್ಜಿಗಳನ್ನು ನನ್ನ ಕಂಪ್ಯೂಟರಿನಲ್ಲಿ ಕೂತು ತುಂಬಿಸಿದರು. ತಾನು ಯಾವ ಖಾನೆಗೆ ಬರುತ್ತೇನೆಂದು ಹುಡುಕಲು ಹೋಗಲಿಲ್ಲ.

ಈಗಿನ ಕರಾರು

ಆಮೇಲೆ ಅವರು ಒಂದು ಪುಟದ ಕರಾರು ಟೈಪ್ ಮಾಡಿಸಿದರು. ದೇವಸ್ಥಾನದ ಕೆಲಸವಾದರೆ ಗೌರವಧನದ ಮೂರನೇ ಒಂದು ಪಾಲು ಮುಷ್ಟಿಕಾಣಿಕೆಯ (ಕೆಲಸ ಶುರುಮಾಡುವಾಗ ಭಕ್ತರು ಒಪ್ಪಿಸುವ ಕಾಣಿಕೆಯ) ಹೊತ್ತಿಗೇ ಕೊಡಬೇಕು, ಇನ್ನೊಂದು ಪಾಲು ಕೈಪ್ರತಿ ಒಪ್ಪಿಸಿದ ದಿನ. ಉತ್ಸವ ಮುಂದಕ್ಕೆ ಹೋದರೂ ಕೊನೆಯ ಪಾಲು ಆರು ತಿಂಗಳಲ್ಲಿ ಸಲ್ಲಬೇಕು. ಸಂದೇಶ ಕೊಡುವವರು ತಿಂಗಳು, ತಾರೀಕು ನಮೂದಿಸಬಾರದು. ಮೊದಲು ಬಂದ ಸಮಿತಿಯ ಕೋಶಾಧಿಕಾರಿ ಅದನ್ನು ಎರಡು ಸಲ ಓದಿ, “ಅಕ್ಕ, ದೇವರ ಕೆಲಸಕ್ಕೆ ಕರಾರಾ?” ಎಂದರು.

“ಶಿಲ್ಪಿಗೆ ಅಡ್ವಾನ್ಸ್ ಕೊಟ್ಟಿದ್ದೀರಲ್ಲ, ಅದು ಯಾರ ಕೆಲಸ?” ಎಂದರು ಅಕ್ಕ.

ಆ ಸಮಿತಿ ಸಹಿ ಹಾಕಿತು. ಮುಂದಿನದು ಹಾಕಲಿಲ್ಲ, ಬೇರೆಯವರನ್ನು ನೋಡಿಕೊಂಡಿತು. ಆ ಸಂಚಿಕೆಯ ಪುಟ ಕಟ್ಟುತ್ತಿರುವವನೂ ನಾನೇ, ಸಂದೇಶಗಳಲ್ಲಿ ತಾರೀಕು ಹಾಗೆಯೇ ಇದೆ.